ಎಡಗಡೆ ಹಿಂದಿನ ಕಮಾನು

ಆನೆಕೊಂಡ, ದಾವಣಗೆರೆ
ಮಂಗಳವಾರ, 11 ಫೆಬ್ರವರಿ 2025

ರುದ್ರಮುನಿಯವರಿಗೆ ವಾಣಿಯ ನಮಸ್ಕಾರ.

ಹದಿನೆಂಟು ವರ್ಷ ನಿಮ್ಮೊಡನೆ ಸಂಸಾರ ಮಾಡಿದರೂ ನಿಮ್ಮನ್ನು ಹೆಸರು ಹಿಡಿದು ಕರೆದವಳಲ್ಲ. ಈಗ ಕಾಗದದ ಮೇಲೆ ಬರೆಯಬೇಕಾಯಿತು, ತಪ್ಪು ತಿಳಿಯಬೇಡಿ. ನನ್ನ ಫೋನನ್ನು ನೀವು ಎತ್ತುವುದಿಲ್ಲ. ಪಕ್ಕದ ಟೈಲರ್ ಅಂಗಡಿಯ ಬೀಬಿಜಾನ್ ಸಂಜೆ ಹರಿಹರಕ್ಕೆ ಮನೆಗೆ ಹೋಗುವಾಗ ಇದನ್ನು ನಿಮ್ಮ ಕೈಗೇ ಕೊಡುತ್ತೇನೆ ಎಂದಿದ್ದಾಳೆ.

ಮೊದಲು ಮುಖ್ಯ ಮಾತು. ಗುರುವಾರ ನಿಮ್ಮ ಆ ಮಿಲಿಟರಿ ಲಾರಿಯಲ್ಲಿ ಲೇತ್ ಮಷಿನ್ ಹೇರಬೇಡಿ. ಎಂಟು ಟನ್ ಎಂದು ನಿಮ್ಮ ಡ್ರೈವರ್ ಫೈಸಲ್ ಹೇಳಿದ. ಹೇರುವ ಮುಂಚೆ ಎಡಗಡೆ ಹಿಂದಿನ ಸ್ಪ್ರಿಂಗ್ ಕಮಾನನ್ನು ಇನ್ನೊಮ್ಮೆ ನೋಡಬೇಕು. ಉಳಿದದ್ದನ್ನು ಓದದಿದ್ದರೂ ಇಷ್ಟನ್ನು ಓದಿ.

ಫೈಸಲ್ ಲಾರಿ ತಂದ ದಿನ ನಿಮ್ಮ ಹೆಸರು ಹೇಳಲಿಲ್ಲ. ಹರಾಜಿನಲ್ಲಿ ತಂದ ಗಾಡಿ, ಓನರ್ ಹರಿಹರದವರು ಎಂದಷ್ಟೇ ಹೇಳಿದ. "ಮೇಡಮ್, ಇದು ಗಡಿ ಕಾದು ಬಂದ ಗಾಡಿ. ನಮ್ಮ ರೋಡಿನ ಗುಂಡಿಗೆ ಕಮಾನು ಮುರ್ಕೊಂಡೈತೆ ಅಂದ್ರ ದೇಶದ ಮರ್ಯಾದಿ ಪ್ರಶ್ನೆ" ಎಂದು ನಗಿಸಿದ. ನಾನು ಬಗ್ಗಿ ಕೆಳಗೆ ನೋಡಿದೆ. ಬಿಗಿ ಮಾಡಿದ ಪ್ರತಿ ನಟ್ಟಿನ ಮೇಲೂ ಹಳದಿ ಬಣ್ಣದ ಗೆರೆ. ನಟ್ಟು ಸಡಿಲವಾದರೆ ಗೆರೆ ಮುರಿದು ಕಾಣಲಿ ಎಂದು ಹಾಗೆ ಎಳೆಯುವವರು ಈ ಎರಡು ಊರುಗಳಲ್ಲಿ ನೀವೊಬ್ಬರೇ. ಗೊತ್ತಾಯಿತು ಎಂದು ಅವನಿಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಈಗ ಕೇಳಿಕೊಳ್ಳುತ್ತಿದ್ದೇನೆ. ಹೇಳಿದ್ದರೆ ನೀವು ಗಾಡಿಯನ್ನು ವಾಪಸ್ ಕರೆಸಿಕೊಳ್ಳುತ್ತೀರಿ ಎಂಬ ಭಯ ಇರಬಹುದು. ನಿಮ್ಮ ಗಾಡಿ ನಮ್ಮ ಅಂಗಡಿಗೆ ಬಂತಲ್ಲ ಎಂಬ ಸಂತೋಷವೂ ಇದ್ದಿರಬಹುದು.

ಮಾಡಿದ ಕೆಲಸ ಹೇಳುತ್ತೇನೆ. ಎರಡೂ ಕಡೆ ಕಮಾನು ಬಿಚ್ಚಿದೆವು. ಎಡಗಡೆ ಒಂದರ ಕೆಳಗೊಂದು ಕೂತ ಉಕ್ಕಿನ ಪಟ್ಟಿಗಳಲ್ಲಿ ಎರಡನೆಯದು ತುಂಡಾಗಿತ್ತು, ಅದನ್ನು ಬದಲಿಸಿದೆವು. ಬುಷ್, ಪಿನ್ ಎಲ್ಲ ಹೊಸದು. ಭಾರದ ಮಷಿನ್ ಹೊರುವ ಗಾಡಿ ಎಂದು ಎರಡೂ ಕಡೆ ಒಂದೊಂದು ಹೆಚ್ಚಿನ ಪಟ್ಟಿ ಸೇರಿಸಿದೆವು. ಪಟ್ಟಿ ಹೆಚ್ಚಾದರೆ ಕಮಾನು ಬಿರುಸಾಗುತ್ತದೆ, ಆಗ ಹೊಡೆತವೆಲ್ಲ ಅದನ್ನು ಚಾಸಿಗೆ ಹಿಡಿದಿರುವ ಬ್ರಾಕೆಟ್ಟಿಗೆ ಬೀಳುತ್ತದೆ. ಇದು ನೀವೇ ಹೇಳಿಕೊಟ್ಟದ್ದು. ಅದಕ್ಕೇ ಬ್ರಾಕೆಟ್ಟಿಗೆ ಒಳಗಿನಿಂದ ದಪ್ಪ ಪ್ಲೇಟು ಕೊಟ್ಟು ಬೋಲ್ಟ್ ಹಾಕಿದೆವು. ಕೊನೆಗೆ ಕಪ್ಪು ಬಣ್ಣ ಹೊಡೆದು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಕಳಿಸಿದೆವು.

ಆ ಎಡಗಡೆ ಬ್ರಾಕೆಟ್ಟಿನ ಮೇಲೆ ನನಗೆ ಅನುಮಾನ. ಹಳೆಯ ಚಾಸಿ, ತೂತುಗಳು ಸವೆದಿದ್ದವು. ನೀವೇ ಒಮ್ಮೆ ಸುತ್ತಿಗೆಯಿಂದ ತಟ್ಟಿ ನೋಡಿದರೆ ನನಗೆ ಸಮಾಧಾನ.

ಇವತ್ತು ಬೆಳಿಗ್ಗೆ ಫೈಸಲ್‌ಗೆ ಫೋನ್ ಮಾಡಿದ್ದೆ, ಗಾಡಿ ಹೇಗಿದೆ ಎಂದು. "ಕುದುರಿ ಆಗೈತೆ ಮೇಡಮ್. ಯಾಕ, ಏನಾರ ಐತಾ?" ಎಂದು ಕೇಳಿದ. ನನ್ನ ಬಾಯಿಂದ ಬಂದದ್ದು ಸುಮ್ಮನೆ ಕೇಳಿದೆ ಎಂಬ ಮಾತು. ಮಾತಾಡುತ್ತಾ ಹೋದಂತೆ ಒಂದು ವಿಷಯ ತಿಳಿಯಿತು: ಗುರುವಾರ ಅವನು ಓಡಿಸುವಾಗ ನೀವು ಮೇಲೆ, ಮಷಿನ್ನಿನ ಎಡಗಡೆ, ಹಗ್ಗ ನೋಡಿಕೊಂಡು ನಿಲ್ಲುತ್ತೀರಂತೆ. ಆ ಮಾತು ಕೇಳಿದಾಗಿನಿಂದ ಕೈ ಯಾವ ಕೆಲಸಕ್ಕೂ ಏಳುತ್ತಿಲ್ಲ. ಬೆಳಗಿನ ಹೊತ್ತು ಹರಿಹರದ ರಸ್ತೆಯಲ್ಲಿ ಸ್ಕೂಲ್ ಆಟೋಗಳು ಬೇರೆ.

ಎರಡು ವರ್ಷದ ಹಿಂದೆ ಕೆಲಸಗಾರರ ಮುಂದೆ ನೀವು ಅಂದಿರಿ: "ಕಮಾನು ಗೊತ್ತಿಲ್ದವ್ರು ಕಮಾನು ಅಂಗಡಿ ನಡಸ್ತಾರ." ಅಂಗಡಿ ನಮ್ಮ ಅಪ್ಪಾಜಿಯದು, ನೀವಿಲ್ಲದೆ ನಡೆಸಿ ತೋರಿಸುತ್ತೇನೆ ಎಂದೆ ನಾನು. ನೀವು ಸುತ್ತಿಗೆಯನ್ನು ಕಬ್ಬಿಣ ಬಡಿಯುವ ಅಡೆಗಲ್ಲಿನ ಮೇಲಿಟ್ಟು, ಕೈ ತೊಳೆದುಕೊಂಡು ಹೋದಿರಿ. ನಡೆಸಿದ್ದೇನೆ. ಚೆನ್ನಾಗಿಯೇ ನಡೆದಿದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಯಾರಿಗೆ ತೋರಿಸಲು ನಡೆಸಿದೆನೋ ಅವರು ನೋಡಲು ಬರಲಿಲ್ಲ.

ಆರೋಗ್ಯ ನೋಡಿಕೊಳ್ಳಿ. ಧೂಳಿನಲ್ಲಿ ನಿಮಗೆ ಉಬ್ಬಸ ಬರುತ್ತದೆ. ಬ್ರಾಕೆಟ್ ನೋಡಿ ಒಂದು ಮಾತು ಹೇಳಿ ಕಳಿಸಿ, ಅಷ್ಟು ಸಾಕು.

ಇತಿ,
ವಾಣಿ

ಮತ್ತೆ: ಕವರಿಗೆ ಅಂಟು ಹಾಕಿ ಬೀಬಿಜಾನ್ ಕೈಗೆ ಕೊಟ್ಟವಳು ವಾಪಸ್ ಇಸಿದುಕೊಂಡು ಹರಿದಿದ್ದೇನೆ. "ಬಸ್ ಹೋಗ್ತೈತಕ್ಕಾ, ಏನ್ ಬರಿಯೋದೈತೋ ಬರ್ದ್ಬಿಡ್ರಿ" ಎಂದು ಬಾಗಿಲಲ್ಲಿ ನಿಂತಿದ್ದಾಳೆ. ಮೇಲೆ ಬರೆದ ಅನುಮಾನ ಸುಳ್ಳು, ಬ್ರಾಕೆಟ್ ಗಟ್ಟಿಯಾಗಿದೆ. ತಟ್ಟಿ ನೋಡುತ್ತೀರಿ, ಸರಿಯಿದೆ ಎನ್ನುತ್ತೀರಿ, ಲೋಡ್ ಹೇರುತ್ತೀರಿ. ಅದಕ್ಕೇ ಕವರು ಹರಿದೆ. ಬಿರುಕು ಇರುವುದು ಮೇಲಿನ ಮೊದಲ ಪಟ್ಟಿಯಲ್ಲಿ, ಮುಂದಿನ ಪಿನ್ನಿನಿಂದ ಒಂದು ಗೇಣು ಹಿಂದೆ. ಅದಕ್ಕೆ ವೆಲ್ಡಿಂಗ್ ಹಾಕಿಸಿದ್ದೇನೆ. ಮೇಲೆ ಕ್ಲಾಂಪ್ ಬಿಗಿಸಿ ಕಪ್ಪು ಬಣ್ಣ ಹೊಡೆಸಿದ್ದೇನೆ, ಕಾಣುವುದಿಲ್ಲ. ಆ ಅಗಲದ ಹೊಸ ಪಟ್ಟಿ ಮಾಡಿಸಲು ಮೂರು ವಾರ ಬೇಕಿತ್ತು. ಆಗುವುದಿಲ್ಲ ಎಂದು ಗಾಡಿಯನ್ನು ನಿಮ್ಮ ಬಾಗಿಲಿಗೆ ಹಿಂದಕ್ಕೆ ಕಳಿಸಲು ನನ್ನಿಂದ ಆಗಲಿಲ್ಲ. ನಮ್ಮ ವೆಲ್ಡರ್ ಅಂಜನ್ ಕುಮಾರ್ "ಬ್ಯಾಡ್ರಿ ಅಕ್ಕಾರ, ದೊಡ್ಡ ಸಾವ್ಕಾರ್ರು ಏನಂತಿದ್ರು? ಪಟ್ಟಿಗೆ ಬೆಂಕಿ ಕೊಟ್ರ ಮೈತುಂಬ ಕೊಡು, ಒಂದ ಕಡಿಗಷ್ಟ ಮುಟ್ಟಿಸ್ಬ್ಯಾಡ ಅಂತಿದ್ರು" ಎಂದ. ಅಪ್ಪಾಜಿ ಈಗ ಇಲ್ಲ, ಹಾಕು ಎಂದೆ. ನಿನ್ನೆ ಅವನು ಆ ಮುರಿದ ಎರಡನೆಯ ಪಟ್ಟಿಯ ತುಂಡಿಗೆ ಹಾಗೆಯೇ ವೆಲ್ಡಿಂಗ್ ಮಾಡಿ, ಸುತ್ತಿಗೆಯಿಂದ ಹೊಡೆದು ತೋರಿಸಿದ. ಎರಡನೆಯ ಏಟಿಗೆ ವೆಲ್ಡಿಂಗಿನ ಪಕ್ಕದಲ್ಲೇ ಕಡಿಯಿತು. ಅವನನ್ನು ಏನೂ ಕೇಳಬೇಡಿ, ನನ್ನನ್ನು ಉಳಿಸಲು ಸುಳ್ಳು ಹೇಳುತ್ತಾನೆ. ಕ್ಲಾಂಪ್ ಬಿಚ್ಚಲು ಗಾಡಿಯ ಕೆಳಗೆ ಹೋಗುವ ಮುಂಚೆ ಚಾಸಿಗೆ ಮರದ ದಿಮ್ಮಿ ಕೊಡಿ, ಬರೀ ಜಾಕಿಯನ್ನು ನಂಬಬೇಡಿ. ಲೇತಿನವರು ಯಾಕೆ ತಡ ಎಂದು ಕೇಳಿದರೆ ನನ್ನ ಹೆಸರು ಹೇಳಿ, ಅಂಗಡಿಯ ಹೆಸರನ್ನೂ ಹೇಳಿ.