ಒಳಗಿನ ಪ್ಯಾಡ್

ಮಾರ್ಚ್ ೧೪, ಬುಧವಾರ

ಭಾನುವಾರ ಕಾರ್ ರೇಸ್ ಕ್ಲಬ್ಬಿನವರು ಚಕ್ರ ಬಿಚ್ಚದೆಯೇ ತಮ್ಮ ಕಾರಿನ ಬ್ರೇಕ್ ಸರಿಯಿದೆ ಎಂದರು. ಓಟದ ನಡುವೆ ಅದು ಕೈಕೊಟ್ಟ ಮೇಲೆ ‘ಚಾಲಕಿಯ ತಪ್ಪು’ ಎಂದು, ಅದನ್ನು ಓಡಿಸುತ್ತಿದ್ದ ನನ್ನ ಅಕ್ಕನ ಮಗಳನ್ನು ಟ್ರ್ಯಾಕಿನಿಂದ ಹೊರಗಿಟ್ಟರು.

ಇವತ್ತು ಅವರ ಶೆಡ್ಡಿನಲ್ಲಿ ಅವಳೇ ಚಕ್ರ ಬಿಚ್ಚಿ ತೋರಿಸಿದಳು. ಡಿಸ್ಕನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಬ್ರೇಕ್ ಪ್ಯಾಡುಗಳಲ್ಲಿ, ಚಕ್ರದ ಸಂದಿನಿಂದ ಇಣುಕಿದರೆ ಕಾಣುವ ಹೊರಗಿನದು ದಪ್ಪಗೇ ಇದೆ. ಒಳಗಿನದು ಪೂರ್ತಿ ಸವೆದು ಬರೀ ಕಬ್ಬಿಣ ಉಳಿದಿದೆ. ಆ ಬದಿಯ ಡಿಸ್ಕ್ ಉತ್ತ ಹೊಲದಂತಾಗಿದೆ. ಮಹಾಶಯರು ಇಣುಕಿದ್ದಷ್ಟೇ!

“ಅಷ್ಟು ವೇಗದಲ್ಲಿ ಭಯ ಆಗ್ಲಿಲ್ವೇನೇ?” ಎಂದೆ.

“ಭಯಪಡೋಕೆ ಪುರುಸೊತ್ತೆಲ್ಲಿತ್ತು ಮಾಮ? ಒಂದೊಂದೇ ಗೇರ್ ಇಳಿಸ್ಕೊಂಡು ಟ್ರ್ಯಾಕ್ ಪಕ್ಕದ ಜಲ್ಲಿ ಕಡೆ ತಿರುಗಿಸ್ದೆ. ನೀನು ಸ್ಕೂಟರ್ ನಿಲ್ಸೋಕೆ ಚಪ್ಪಲಿ ಉಜ್ತೀಯಲ್ಲ, ಅದಕ್ಕಿಂತ ನೀಟಾಗೇ ನಿಲ್ಸಿದೀನಿ!”

ಅವತ್ತು ಮುಂದಿನ ತಿರುವಿನಲ್ಲಿ ಜನ ಗುಂಪಾಗಿ ನಿಂತಿದ್ದರು. ಒಬ್ಬರಿಗೂ ಗೀರು ಬಿದ್ದಿಲ್ಲ. ಎಂಥ ಎದೆಗಾರಿಕೆ, ಎಂಥ ಕೈ! ಶೆಡ್ಡಿನಿಂದ ಬಂದಾಗಿನಿಂದ ಅದನ್ನೇ ನೆನೆಯುತ್ತಿದ್ದೇನೆ. ಅವಳು ಮತ್ತೆ ಆ ಟ್ರ್ಯಾಕಿಗೆ ಇಳಿಯಲೇಬೇಕು.

ಹಿಂದೆ ಅಲ್ಲಿ ಒಬ್ಬನ ಕಾಲು ಹೋದಾಗಲೂ ‘ಚಾಲಕನ ತಪ್ಪು’ ಎಂದೇ ಕೈತೊಳೆದುಕೊಂಡಿದ್ದರು; ನಾನು ಮರೆತಿಲ್ಲ. ಈ ಸಲ ಕ್ಲಬ್ಬಿನ ಅಧ್ಯಕ್ಷರು ಎರಡೂ ಪ್ಯಾಡುಗಳನ್ನು ಮೇಜಿನ ಮೇಲಿಟ್ಟು, ಓಟಕ್ಕೆ ಮೊದಲು ಒಳಗಿನದನ್ನು ನೋಡಿದವರು ಯಾರೆಂದು ಎಲ್ಲರೆದುರು ಹೇಳಲಿ.