ಅಕ್ಕನ ಮಗಳ ಗೂಟ, ನನ್ನ ಮಗನ ಅಂಟುಪಟ್ಟಿ

ತೆರಿಗೆ ಕಾನೂನು ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ, ನನಗೆ ನನ್ನ ಅಕ್ಕನ ಮೇಲೆ ಹೊಟ್ಟೆಕಿಚ್ಚು. ಅದನ್ನು ಹಚ್ಚಿದ್ದು ನಿಮ್ಮ ಕಾನೂನು. ಆದ್ದರಿಂದ ದೂರು ನಿಮಗೇ.

ಅಕ್ಕ ಮಾರ್ಲಿಸ್ ಮತ್ತು ನಾನು ಡುಲೂತ್ ಊರಿನ ಒಂದೇ ಬೀದಿಯಲ್ಲಿದ್ದೇವೆ. ಅವಳ ಮಗಳು ಹ್ಯಾಟಿ, ನನ್ನ ಮಗ ಓರಿನ್ ಇಬ್ಬರೂ ಶ್ರೀಮತಿ ಟೂಮಿಯವರ ಶಿಶುವಿಹಾರಕ್ಕೆ ಹೋಗುತ್ತಾರೆ. ಅಕ್ಕನದು ದೊಡ್ಡ ವಿಮಾ ಕಂಪನಿಯ ನೌಕರಿ. ಶಿಶುವಿಹಾರದ ಹಣವನ್ನು ಅವಳ ಸಂಬಳದಿಂದ, ನಿಮ್ಮ ತೆರಿಗೆ ಮುಟ್ಟುವ ಮೊದಲೇ, ಬೇರೆ ಖಾತೆಯಲ್ಲಿ ತೆಗೆದಿಡುತ್ತಾರೆ. ನಾನು ನಾಲ್ಕೇ ಜನ ದುಡಿಯುವ ಬೇಕರಿಯಲ್ಲಿ ಹಿಟ್ಟು ನಾದುವವಳು. ಅಲ್ಲಿ ಅಂಥ ಖಾತೆಯಿಲ್ಲ; ನೀವು ಮೊದಲು ನಿಮ್ಮ ಪಾಲು ಎತ್ತಿಕೊಳ್ಳುತ್ತೀರಿ. ಉಳಿದದ್ದರಲ್ಲಿ ಓರಿನ್‌ಗೆ ವಾರಕ್ಕೆ ಮೂರು ದಿನ ದಕ್ಕುತ್ತದೆ. ಇಬ್ಬರು ಮಕ್ಕಳ ಮೂಗು ಒರೆಸುವ ಕೈ ಒಂದೇ. ತಾಯಿ ಎಲ್ಲಿ ದುಡಿಯುತ್ತಾಳೆಂದು ನೋಡಿ ಮಗುವಿನ ಆರೈಕೆಗೆ ಬೆಲೆ ಕಟ್ಟುವ ಜಾಣತನ ಯಾರದು, ಮಹಾಶಯರೇ?

ಅಲ್ಲಿ ಐದು ದಿನ ಬರುವ ಮಕ್ಕಳಿಗೆ ಕೋಟು ತೂಗುಹಾಕಲು ಸ್ವಂತ ಗೂಟ, ಅದರ ಮೇಲೆ ಬಣ್ಣದಲ್ಲಿ ಬರೆದ ಹೆಸರು. ಎರಡು, ಮೂರು ದಿನದವರಿಗೆ ಹಂಚಿಕೆಯ ಗೂಟ. ಅವರ ಹೆಸರು ಅಂಟುಪಟ್ಟಿಯ ಮೇಲಿರುತ್ತದೆ. ಬುಧವಾರ ಸಂಜೆ ಅದನ್ನು ಕಿತ್ತು ಇನ್ನೊಂದು ಮಗುವಿನದನ್ನು ಅಂಟಿಸುತ್ತಾರೆ. ಹ್ಯಾಟಿಯ ಗೂಟಕ್ಕೆ ಬಾತುಕೋಳಿಯ ಚಿತ್ರವೂ ಇದೆ. ಆ ಬಾತುಕೋಳಿಯನ್ನು ಕಂಡರೆ ನನಗಾಗದು.

"ನೀನೂ ಆ ಖಾತೆ ತೆಗ್ಸೇ. ಅರ್ಜೀಲಿ ಒಂದು ಗುರುತು ಹಾಕಿದ್ರಾಯ್ತು," ಎಂದಳು ಅಕ್ಕ, ಬೂಟಿನ ಹಿಮ ಕೊಡವುತ್ತಾ.

"ಎಲ್ಲಿ ಹಾಕ್ಲಿ? ಬ್ರೆಡ್ಡಿನ ಮೇಲಾ?"

"ನನ್ ಮೇಲ್ಯಾಕೆ ಹಾರ್ತೀಯೇ? ನಾನೇನು ನಿನ್ ಪಾಲು ತಿಂದ್ನಾ?"

ತಿಂದಳೆಂದೇ ನನಗನ್ನಿಸುತ್ತದೆ.

ಆ ಖಾತೆಯನ್ನು ಮಾಲೀಕರೇ ತೆರೆಯಬೇಕೆಂಬುದು ನಿಮ್ಮ ಕಾನೂನು; ಹಾಗಾಗಿ ಬೇಕರಿಯ ಮಾಲೀಕ ಹಾಲ್ವರ್ಸನ್ ಅವರನ್ನೂ ಕೇಳಿದೆ. "ರೋನಾ, ನನ್ ಲೆಕ್ಕ ಬರೆಯೋಳೇ ನನ್ ಹೆಂಡ್ತಿ. ಈ ಖಾತೆನೂ ನೋಡ್ಕೋ ಅಂದ್ರೆ ಲಟ್ಟಣಿಗೆ ಹಿಡ್ಕೊಂಡು ಬರ್ತಾಳಮ್ಮ," ಎಂದರು. ಅದರ ಬೆನ್ನಿಗೇ ಬೆಳಗಿನ ಪಾಳಿಯ ಮೇಲ್ವಿಚಾರಣೆಯನ್ನು ನನಗೆ ಕೊಡುವುದಾಗಿ ಹೇಳಿದರು. ಐದೂ ದಿನದ ಕೆಲಸ; ಓರಿನ್‌ನ ಶಿಶುವಿಹಾರವೂ ಐದು ದಿನ ಆಗಬೇಕು. ಸೋಮವಾರ ಉತ್ತರ ಬೇಕಂತೆ. ಅಕ್ಕನಿಗಿರುವ ಸವಲತ್ತು ನನಗೂ ಇದ್ದಿದ್ದರೆ ಅಲ್ಲೇ ಒಪ್ಪಿಕೊಳ್ಳುತ್ತಿದ್ದೆ.

"ವರ್ಷಕ್ಕೊಮ್ಮೆ ತೆರಿಗೆ ರಿಯಾಯಿತಿ ಇದೆಯಲ್ಲ" ಎಂದು ನಿಮ್ಮ ಕಚೇರಿ ಉತ್ತರಿಸೀತು. ಟೂಮಿಯವರು ಪ್ರತಿ ಶುಕ್ರವಾರ ಕೈಚಾಚುತ್ತಾರೆ. ನಿಮ್ಮ ರಿಯಾಯಿತಿ ಬರುವವರೆಗೆ ಮಗುವನ್ನು ಹಿಟ್ಟಿನ ಡಬ್ಬದಲ್ಲಿ ಕೂರಿಸಲೇ?

ಚಿಕ್ಕಂದಿನಲ್ಲಿ ಕೇಕು ಹಂಚುವಾಗ ಅಮ್ಮನದೊಂದು ನಿಯಮವಿತ್ತು: ಒಬ್ಬಳು ಕತ್ತರಿಸಬೇಕು, ಮೊದಲು ಆರಿಸುವುದು ಇನ್ನೊಬ್ಬಳು. ಅಕ್ಕ ಕತ್ತರಿಸಿದ ತುಂಡುಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತಿರಲಿಲ್ಲ. ನಿಮ್ಮ ಸಮಿತಿ ಚಾಕು ಹಿಡಿದಾಗ ಎದುರಿಗೆ ಆರಿಸಲು ಯಾರನ್ನು ಕೂರಿಸಿದ್ದಿರಿ?

ಆ ಖಾತೆಯನ್ನು ಮಾಲೀಕರ ಕೈಯಿಂದ ಬಿಡಿಸಿ, ದುಡಿಯುವ ತಾಯಿತಂದೆಯರ ಕೈಗೆ ಕೊಡಿ. ಸೋಮವಾರದೊಳಗೆ ಅದು ನಿಮ್ಮಿಂದಾಗದು, ಬಲ್ಲೆ. ಹ್ಯಾಟಿಯ ಪಕ್ಕದ ಗೂಟ ಈಗ ಖಾಲಿಯಿದೆ. ಮೊನ್ನೆ ಓರಿನ್ ತುದಿಗಾಲಲ್ಲಿ ನಿಂತು ಅದಕ್ಕೆ ತನ್ನ ಕೋಟು ಸಿಕ್ಕಿಸಿದ. "ಇಲ್ಲೇ ಇರ್ಲಿ ಅಮ್ಮ, ಹ್ಯಾಟಿ ಪಕ್ಕ," ಎಂದ. ಆ ಬಾತುಕೋಳಿಯ ಎದುರಿಗೇ ಅದನ್ನು ತೆಗೆದು ಅಂಟುಪಟ್ಟಿಯ ಗೂಟಕ್ಕೆ ಹಾಕಿದೆ.

ಇಂತಿ,
ಸೋಮವಾರ "ಆಗಲ್ಲ" ಎನ್ನಲಿರುವ
ರೋನಾ ಲುಂಡೀನ್
(ಮಾರ್ಲಿಸ್‌ಳ ತಂಗಿ, ದುರದೃಷ್ಟವಶಾತ್)