ಅಂಜಲೈ ಹೆತ್ತ ಮಗು

ವಿಲ್ಲಿವಾಕ್ಕಂ, ಮದ್ರಾಸು
14 ಆಗಸ್ಟ್ 1983

ಪ್ರೀತಿಯ ತಂಗಿ ಗಿರಿಜಾ,

ನಿನಗೂ ದೊಡ್ಡಬಸಪ್ಪನವರಿಗೂ ನಮ್ಮ ವಿನೋದಾಳಿಗೂ ಇಲ್ಲಿಂದಲೇ ನನ್ನ ಆಶೀರ್ವಾದ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಏನಾದರೊಂದು ನೆಪ ಸಿಗುತ್ತಿತ್ತು. ನೀರಿನ ನೆಪವಂತೂ ಸುಳ್ಳಲ್ಲ. ಈ ವರ್ಷ ಇಲ್ಲಿ ನಲ್ಲಿ ತಿರುಗಿಸಿದರೆ ಗಾಳಿ ಬರುತ್ತದೆ. ಲಾರಿ ಬಂತೆಂದರೆ ಬೀದಿಗೆ ಬೀದಿಯೇ ಕೊಡ ಹಿಡಿದು ಓಡುತ್ತದೆ. ನಿನ್ನ ಭಾವ ಅಂಬತ್ತೂರಿನ ಫ್ಯಾಕ್ಟರಿಯಿಂದ ಬಂದವರು ಅಂಗಿಯನ್ನೂ ಕಳಚದೆ ಸಾಲಿನಲ್ಲಿ ನಿಲ್ಲುತ್ತಾರೆ. ಆದರೆ ತಡವಾದದ್ದು ನೀರಿನಿಂದಲ್ಲ, ನೀನು ಕೇಳಿದ ಪ್ರಶ್ನೆಯಿಂದ.

ವಿನೋದಾಳ ಕುತ್ತಿಗೆಯಲ್ಲಿ ಗಂಟು ಎದ್ದಿದೆ, ಸಂಜೆಯಾದರೆ ಮೈ ಬಿಸಿಯಾಗುತ್ತದೆ, ಗದಗಿನ ಡಾಕ್ಟರು ‘ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತೇನು’ ಎಂದು ಕೇಳಿದರು ಎಂದು ಬರೆದಿದ್ದೀಯ. ಮಗುವನ್ನು ಹೆತ್ತವಳು ಹೆರಿಗೆಯಲ್ಲಿ ಸತ್ತಳೆಂದು ಹೇಳಿದ್ದೆಯಲ್ಲ, ಅವಳಿಗೆ ಬೇರೆ ಕಾಯಿಲೆಯೂ ಇತ್ತೇ ಎಂದು ಕೇಳಿದ್ದೀಯ.

ಇತ್ತು. ಅವಳಿಗೆ ಶ್ವಾಸಕೋಶದ ಕ್ಷಯವಿತ್ತು, ಕಫದಲ್ಲಿ ರೋಗಾಣು ಇದ್ದವು ಎಂದು ಡಾಕ್ಟರಿಗೆ ಹೇಳು. ಈ ಕಾಗದ ಸಿಕ್ಕ ದಿನವೇ ಹೇಳು. ಗಂಟಿನ ಕ್ಷಯ ವಾಸಿಯಾಗುತ್ತದೆ, ಒಂದು ದಿನವೂ ಮಾತ್ರೆ ತಪ್ಪಿಸಬಾರದು ಅಷ್ಟೇ. ಇಷ್ಟು ನರ್ಸಾಗಿ ಬರೆದೆ. ಮುಂದಿನದನ್ನು ಅಕ್ಕನಾಗಿ ಬರೆಯಬೇಕಾಗಿದೆ. ನಿನ್ನ ಅತ್ತೆಯ ಕಣ್ಣಿಗೆ ಬೀಳದಂತೆ ಓದು.

ಅವಳು ಹೆರಿಗೆಯಲ್ಲಿ ಸಾಯಲಿಲ್ಲ, ಗಿರಿಜಾ. ಬದುಕಿದ್ದಾಳೆ.

ಹೆಸರು ಅಂಜಲೈ. ತಿರುವೊಟ್ಟಿಯೂರಿನ ಮೀನುಗಾರರವಳು. ಕುಡಿದು ಬಂದು ಬಸುರಿಯ ಹೊಟ್ಟೆಗೆ ಒದ್ದ ಗಂಡನ ತಲೆಗೆ ದೋಣಿಯ ಹುಟ್ಟಿನಿಂದ ಹೊಡೆದಳು. ಅವನು ಸತ್ತ. ಏಳು ವರ್ಷದ ಶಿಕ್ಷೆಯಾಯಿತು. ಎಪ್ಪತ್ತೇಳರಲ್ಲಿ ಹೆರಿಗೆಯಾದದ್ದು ನಾನಾಗ ಕೆಲಸಕ್ಕಿದ್ದ ಜೈಲಿನಲ್ಲೇ. ಮಗುವನ್ನು ಹಿಡಿದು ಸ್ನಾನ ಮಾಡಿಸಿದವಳು ನಾನು. ಹೆತ್ತ ಎಂಟನೇ ದಿನ ಅವಳು ಕೆಮ್ಮಿದಾಗ ಸೆರಗಿಗೆ ರಕ್ತ ಬಿತ್ತು.

ಹೆಂಗಸರ ಬ್ಲಾಕಿನ ಹಿಂದೆ ತಗಡಿನ ಶೆಡ್ಡೊಂದಿತ್ತು. ಕ್ಷಯದವರು ಅಲ್ಲಿರಬೇಕು. ಒಂಬತ್ತು ಜನ ಇದ್ದರು. ಊಟದ ತಟ್ಟೆಯನ್ನು ಬಾಗಿಲಲ್ಲಿಟ್ಟು ಕೋಲಿನಿಂದ ಒಳಕ್ಕೆ ತಳ್ಳುತ್ತಿದ್ದರು. ಕಫ ಉಗಿಯಲು ಒಬ್ಬೊಬ್ಬರಿಗೆ ಒಂದು ಡಬ್ಬಿ, ಅದನ್ನು ಸುಡುವುದೂ ಅವರೇ. ಹೊಟ್ಟೆ ತೊಳಸುತ್ತದೆಂದು ಕೆಲವರು ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಂಡು ಆಮೇಲೆ ಉಗಿಯುತ್ತಿದ್ದರು. ವಾರ್ಡರ್ ರಮಾಬಾಯಿ ಮೂಗಿಗೆ ಸೆರಗು ಸುತ್ತಿಕೊಂಡು ಬಂದು ಟಾರ್ಚು ಬಿಟ್ಟು ಬಾಯಿ ನೋಡುತ್ತಿದ್ದಳು. ಸಿಕ್ಕಿಬಿದ್ದವಳಿಗೆ ಆ ದಿನದ ಹಾಲಿಲ್ಲ, ಮೊಟ್ಟೆಯಿಲ್ಲ.

ವಾರಕ್ಕೆರಡು ಸಲ ಬರುತ್ತಿದ್ದ ಡಾಕ್ಟರ್ ವಿಮಲಾ ಚಿಕ್ಕ ವಯಸ್ಸಿನವರು. “ಮಗೂನ ತಾಯಿಯಿಂದ ಬಿಡಿಸೋದು ಬೇಡ ಸಿಸ್ಟರ್. ಅದಕ್ಕೂ ಆರು ತಿಂಗಳು ಮಾತ್ರೆ ಅರೆದು ಕುಡಿಸಿ, ಸಾಕು” ಎಂದರು. ಸೂಪರಿಂಟೆಂಡೆಂಟರು ಒಪ್ಪಲಿಲ್ಲ. ಅವಳ ಕಫ ಮೂರು ಸಲ ಶುದ್ಧವಾಗಿ ಬರಲಿ, ಅಲ್ಲಿಯವರೆಗೆ ಮಗು ಹೊರಗಿರಲಿ, ಆಮೇಲೆ ವಾಪಸು ಕೊಡೋಣ ಎಂದರು. ಹೊರಗೆ ಎಲ್ಲಿ ಎಂಬುದನ್ನು ನನಗೆ ಬಿಟ್ಟರು. ನಾನು ರಿಜಿಸ್ಟರಿನಲ್ಲಿ ‘ಅನಾಥಾಶ್ರಮಕ್ಕೆ’ ಎಂದು ಬರೆದೆ.

ಅದೇ ವಾರ ನಿನ್ನ ಕಾಗದ ಬಂದಿತ್ತು. ಮೂರನೆಯ ಬಸಿರೂ ನಿಲ್ಲಲಿಲ್ಲ, ಅತ್ತೆ ರೋಣದ ಕಡೆ ಹುಡುಗಿ ನೋಡಲು ಹೋಗಿದ್ದಾರೆ, ಈ ಮನೆಯಲ್ಲಿ ನನಗೆ ಇನ್ನು ಮೂಲೆಯೇ ಗತಿ ಎಂದು ಬರೆದಿದ್ದೆ. ನಾನು ತಂತಿ ಕೊಟ್ಟೆ. ನೀವಿಬ್ಬರೂ ಬಂದಿರಿ. ಸೆಂಟ್ರಲ್ ಸ್ಟೇಷನ್ನಿನ ಬೆಂಚಿನ ಮೇಲೆ ಮಗುವನ್ನು ನಿನ್ನ ಮಡಿಲಿಗೆ ಹಾಕಿದಾಗ ನೀನು ಕೇಳಿದ್ದು ನೆನಪಿದೆಯೇ?

“ಅಕ್ಕಾ, ಇದರ ತಾಯಿ?”

“ಹೆರಿಗ್ಯಾಗ ಹೋದ್ಲು.”

“ನಾಳೆ ಯಾರರ ಬಂದು ಕೇಳಿದ್ರ?”

“ಯಾರೂ ಕೇಳಂಗಿಲ್ಲ. ನೀ ಹಾಲು ಕಾಸು.”

ಆಗ ಮಗುವಿನ ಮಾತ್ರೆಯ ಪೊಟ್ಟಣ ನನ್ನ ಕೈಚೀಲದಲ್ಲೇ ಇತ್ತು. ಕೊಟ್ಟಿದ್ದರೆ ಯಾತಕ್ಕೆಂದು ನೀನು ಕೇಳುತ್ತಿದ್ದೆ. ಕ್ಷಯದ ಕೂಸನ್ನು ನಿನ್ನ ಅತ್ತೆ ಹೊಸ್ತಿಲು ದಾಟಿಸುತ್ತಿರಲಿಲ್ಲ. ಮಗು ಗುಂಡಗಿದೆ, ಹಾಲು ತುಪ್ಪದಲ್ಲಿ ಬೆಳೆದರೆ ಏನೂ ಆಗುವುದಿಲ್ಲ ಎಂದುಕೊಂಡೆ. ರೈಲು ಹೋದ ಮೇಲೆ ಪೊಟ್ಟಣವನ್ನು ಹಳಿಗಳ ನಡುವೆ ಎಸೆದು ಬಂದೆ. ಈಗ ವಿನೋದಾಳ ಕುತ್ತಿಗೆಯಲ್ಲಿ ಎದ್ದಿರುವುದು ಅದರ ಫಲ. ಬೈಯುವುದಿದ್ದರೆ ಬೈ.

ಅಂಜಲೈಗೆ ಕಫ ಶುದ್ಧವಾದರೆ ಮಗು ಬರುತ್ತದೆ ಎಂದು ಹೇಳಿದ್ದೆವು. ಅವಳಂಥ ರೋಗಿಯನ್ನು ನಾನು ನೋಡಿಲ್ಲ. ಮಾತ್ರೆ ನುಂಗಿ ಅಂಗೈಗೆ ಅಂಟಿದ ಪುಡಿಯನ್ನೂ ನೆಕ್ಕುತ್ತಿದ್ದಳು. ರಮಾಬಾಯಿ ಟಾರ್ಚು ತೆಗೆಯುವ ಮೊದಲೇ ಬಾಯಿ ತೆರೆದು ನಿಲ್ಲುತ್ತಿದ್ದಳು. ಬೆಳಿಗ್ಗೆ ಇಂಜೆಕ್ಷನ್ನಿಗೆ ಸಾಲಿನಲ್ಲಿ ಮೊದಲು ಅವಳೇ. ಎದೆ ಹಾಲು ಬತ್ತುವವರೆಗೂ ಗೋಡೆಗೆ ಹಿಂಡುತ್ತಿದ್ದಳು. “ನೋಡಿ ಸಿಸ್ಟರ್, ಗೋಡೆಗೆ ಹಾಲು ಕುಡಿಸ್ತಾಳೆ” ಎಂದು ರಮಾಬಾಯಿ ನಗುತ್ತಿದ್ದಳು. ನಾನೂ ಒಮ್ಮೆ ನಕ್ಕಿದ್ದೆ.

ತಿಂಗಳಿಗೊಮ್ಮೆ ಕೇಳುತ್ತಿದ್ದಳು, “ಎನ್ ಪುಳ್ಳೆ ಎಂಗೆ ಸಿಸ್ಟರ್?” ನನ್ನ ಕೂಸೆಲ್ಲಿ ಎಂದು. ಮುಂದಿನ ತಿಂಗಳು ಬರುತ್ತೆ ಎನ್ನುತ್ತಿದ್ದೆ. ಅವಳು ಬೆರಳು ಮಡಚಿಕೊಂಡು ಹೋಗುತ್ತಿದ್ದಳು.

ಆ ಇಂಜೆಕ್ಷನ್ ಕೆಲವರ ಕಿವಿಗೆ ಆಗುವುದಿಲ್ಲ. ವರ್ಷ ತುಂಬುವುದರೊಳಗೆ ಅವಳು ಗೋಡೆ ಹಿಡಿದು ನಡೆಯತೊಡಗಿದಳು. ಆಮೇಲೆ ಕರೆದರೆ ತಿರುಗಲಿಲ್ಲ. ಕೊಬ್ಬು ಬಂದಿದೆ ಎಂದು ರಮಾಬಾಯಿ ಎರಡು ವಾರ ಬೆತ್ತದಿಂದ ಹೊಡೆದಳು. ಒಂದು ದಿನ ಅವಳ ಬೆನ್ನ ಹಿಂದೆ ಯಾರೋ ಅನ್ನದ ಹಂಡೆ ಬೀಳಿಸಿದರು. ಶೆಡ್ಡಿನಲ್ಲಿದ್ದ ಎಲ್ಲರೂ ಬೆಚ್ಚಿದರು, ಅವಳು ಕೂದಲು ಬಾಚಿಕೊಳ್ಳುತ್ತಲೇ ಇದ್ದಳು. ಆಗ ಗೊತ್ತಾಯಿತು. ಡಾಕ್ಟರ್ ವಿಮಲಾ ಇಂಜೆಕ್ಷನ್ ನಿಲ್ಲಿಸಿದರು. ಮುಂದೆ ಅವಳನ್ನು ಬೇರೆ ಊರಿನ ಜೈಲಿಗೆ ಸಾಗಿಸಿದರು. ನಾನು ಆ ಕೆಲಸ ಬಿಟ್ಟು ನರ್ಸಿಂಗ್ ಹೋಮಿಗೆ ಸೇರಿದೆ. ಮುಗಿಯಿತು ಎಂದುಕೊಂಡೆ.

ಕಳೆದ ತಿಂಗಳು ಇಪ್ಪತ್ತೆರಡನೇ ತಾರೀಕು ಬೆಳಿಗ್ಗೆ ನೀರಿನ ಲಾರಿ ಬಂದಿತ್ತು. ಕೊಡ ತುಂಬಿಸಿಕೊಂಡು ಬರುತ್ತೇನೆ, ಗೇಟಿನ ಹತ್ತಿರ ಅಂಜಲೈ ನಿಂತಿದ್ದಾಳೆ. ಬಿಡುಗಡೆಯಾದವಳು ರಮಾಬಾಯಿಯನ್ನು ಹುಡುಕಿ ನನ್ನ ವಿಳಾಸ ಹಿಡಿದು ಬಂದಿದ್ದಳು. ಮೂವತ್ತೂ ದಾಟಿಲ್ಲ, ತಲೆ ಅರ್ಧ ನೆರೆತಿದೆ. ಕೆಮ್ಮಿಲ್ಲ, ಮೈ ತುಂಬಿಕೊಂಡಿದೆ. ಕಿವುಡರಿಗೆ ತಮ್ಮ ದನಿಯ ಅಳತೆ ತಿಳಿಯುವುದಿಲ್ಲವಲ್ಲ, ಬೀದಿಗೆಲ್ಲ ಕೇಳುವಂತೆ ಕೂಗಿದಳು, “ಎನ್ ಪುಳ್ಳೆ ಎಂಗೆ ಸಿಸ್ಟರ್?”

ಸತ್ತುಹೋಯಿತು ಎಂದು ತಮಿಳಿನಲ್ಲಿ ಹೇಳಿದೆ. ನನ್ನ ತುಟಿಯನ್ನೇ ನೋಡಿದಳು, ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದೆ. ಓದು ಬಾರದವಳಿಗೆ ಬರೆದು ತೋರಿಸುವಂತೆಯೂ ಇಲ್ಲ. ಸಾಲಿನಲ್ಲಿದ್ದ ಹೆಂಗಸರು ತಿರುಗಿ ನೋಡುತ್ತಿದ್ದರು. ಕೊಡ ಕೆಳಗಿಟ್ಟೆ. ಎರಡು ಕೈ ಮಡಚಿ ಮಗುವನ್ನು ತೂಗುವ ಹಾಗೆ ತೂಗಿದೆ. ಆಮೇಲೆ ಕೈ ಬಿಚ್ಚಿ ಬರಿ ಅಂಗೈ ತೋರಿಸಿದೆ.

ಅವಳು ಹತ್ತಿರ ಬಂದು ನನ್ನ ಎರಡೂ ಕೈ ಹಿಡಿದು, ಮೊದಲಿನಂತೆಯೇ ತೊಟ್ಟಿಲು ಮಾಡಿ ಮಡಚಿದಳು. ನಾನು ಮತ್ತೆ ಬಿಚ್ಚಿದೆ. ಅವಳು ಮತ್ತೆ ಮಡಚಿದಳು. ಮೂರನೆಯ ಸಲ ಬಿಚ್ಚಿದಾಗ ನನ್ನ ಕೈ ಬಿಟ್ಟಳು. ನೆಲ ತೋರಿಸಿ ಹೂತಿರಾ ಎಂದು ಸನ್ನೆ ಮಾಡಿದಳು. ತಲೆಯಾಡಿಸಿದೆ. ಎಲ್ಲಿ ಎಂದಳು. ಕೈಗೆ ಬಂದ ದಿಕ್ಕು ತೋರಿಸಿದೆ. ಆ ದಿಕ್ಕಿಗೇ ನಡೆದುಹೋದಳು. ಅತ್ತ ರೈಲ್ವೆ ಹಳಿ ಬಿಟ್ಟರೆ ಏನೂ ಇಲ್ಲ.

ಆದ್ದರಿಂದ ನೀನು ಹೆದರಬೇಡ. ಇನ್ನು ಯಾರೂ ಬರುವುದಿಲ್ಲ. ವಿನೋದಾ ನಿನ್ನ ಮಗಳು, ನಿನ್ನ ಮಗಳಾಗಿಯೇ ಶಾಲೆಗೆ ಹೋಗಲಿ, ಮದುವೆಯಾಗಲಿ. ನಿನ್ನ ಭಾವನಿಗೂ ಇದ್ಯಾವುದನ್ನೂ ಹೇಳಿಲ್ಲ. ಓದಿದ ಮೇಲೆ ಕಾಗದವನ್ನು ಒಲೆಗೆ ಹಾಕು. ಮಗುವಿಗೆ ನನ್ನ ಮುತ್ತು. ನೀನು ನೂರು ಕಾಲ ಮುತ್ತೈದೆಯಾಗಿ, ತಾಯಿಯಾಗಿ ಬಾಳು.

ನಿನ್ನ ಅಕ್ಕ,
ಸರ್ವಮಂಗಳಾ

ತಾ.ಕ.: ಅಂಟು ಹಚ್ಚಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಗದಗಿನ ಡಾಕ್ಟರು ಮಗುವಿಗೂ ಅಂಜಲೈಗೆ ಕೊಟ್ಟ ಅದೇ ಸ್ಟ್ರೆಪ್ಟೋಮೈಸಿನ್ ಇಂಜೆಕ್ಷನ್ ಬರೆದರೆ ಎಷ್ಟು ದಿನವೆಂದು ಕೇಳು. ಎರಡು ತಿಂಗಳಾದ ಮೇಲೆ ಇನ್ನೂ ಯಾಕೆಂದು ಕೇಳು. ಅಂಜಲೈಯ ಕಫ ಮೂರನೇ ತಿಂಗಳಿಗೇ ಶುದ್ಧವಾಗಿತ್ತು. ಆ ರಿಪೋರ್ಟು ಬಂದ ದಿನ ನೀನು ಕಳಿಸಿದ ನಾಮಕರಣದ ಫೋಟೋ ನನ್ನ ಮೇಜಿನ ಮೇಲಿತ್ತು. ರಿಪೋರ್ಟು ಹರಿದುಹಾಕಿ, ರೋಗಾಣು ಇನ್ನೂ ಇವೆ ಎಂದು ಪುಸ್ತಕದಲ್ಲಿ ಬರೆದೆ. ಮುಂದಿನ ತಿಂಗಳೂ ಬರೆದೆ, ಅದರ ಮುಂದಿನ ತಿಂಗಳೂ. ಡಾಕ್ಟರ್ ವಿಮಲಾ ನನ್ನ ಬರಹ ನಂಬಿ ಇಂಜೆಕ್ಷನ್ ಮುಂದುವರಿಸಿದರು. ಒಂದು ಬೆಳಿಗ್ಗೆ ಅಂಜಲೈ ನಗುತ್ತ ಬಂದಳು. “ಸಿಸ್ಟರ್, ಒಂದು ವಾರದಿಂದ ಕಿವಿಯೊಳಗೆ ನಮ್ಮೂರ ಸಮುದ್ರ ಕೇಳಿಸ್ತಾ ಇದೆ” ಎಂದಳು. ಅದೇನೆಂದು ನನಗೆ ಗೊತ್ತಿತ್ತು. ಒಳ್ಳೆಯ ಲಕ್ಷಣ ಎಂದು ಹೇಳಿ, ಇಂಜೆಕ್ಷನ್ನಿಗೆ ತಿರುಗಿ ನಿಲ್ಲು ಎಂದೆ.